ಪೂರ್ತಿ ನೋಡುವ ಅಕ್ಕ

ಬೆಳಗಿನ ಐದೂವರೆ. ಬೀದಿದೀಪಗಳು ಇನ್ನೂ ಆರಿಲ್ಲ. ನೂರಾ ನಲವತ್ತು ಕುರ್ಚಿಗಳ ಸಭಾಂಗಣದಲ್ಲಿ ತುಂಬಿರುವುದು ಒಂದೇ ಕುರ್ಚಿ. ಮೂರನೇ ಸಾಲಿನ ತುದಿಯಲ್ಲಿ ಶಾಲು ಹೊದ್ದ ಹೆಂಗಸೊಬ್ಬರು ಕೂತಿದ್ದಾರೆ, ತೊಡೆಯ ಮೇಲೆ ನೋಟ್‌ಬುಕ್. ಪರದೆಯಲ್ಲಿ ವಯಸ್ಸಾದ ತಾಯಿಯೊಬ್ಬರು ನಮಗೆ ಬೆನ್ನು ಮಾಡಿ ಪಾತ್ರೆ ತೊಳೆಯುತ್ತಿದ್ದಾರೆ. ನೀರಿನ ಸದ್ದು, ತಟ್ಟೆಗೆ ತಟ್ಟೆ ತಾಗುವ ಸದ್ದು. ಇದ್ದಕ್ಕಿದ್ದಂತೆ ಎಲ್ಲ ಸದ್ದೂ ನಿಲ್ಲುತ್ತದೆ. ಕೈ ಮಾತ್ರ ಆಡುತ್ತಿದೆ. ಇಪ್ಪತ್ತೆರಡು ಸೆಕೆಂಡು ಕಳೆದ ಮೇಲೆ ಮತ್ತೆ ನೀರು ಸುರಿಯುತ್ತದೆ.

ಹೆಂಗಸು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳುತ್ತಾರೆ: 'ಫೈಲು ಕೆಟ್ಟಿದ್ದಾ? ಅವರೇ ಇಟ್ಟ ಮೌನವಾ?'

ಫೋನಿನಲ್ಲಿ, ಕಂಪ್ಯೂಟರಿನಲ್ಲಿ ಮಾಡಿದ ಚಿತ್ರಗಳಿಗಾಗಿಯೇ ವರ್ಷಕ್ಕೊಂದು ಉತ್ಸವ ನಡೆಸುವ ಸಣ್ಣ ಸಂಸ್ಥೆ ಇದು. ಬಂದ ಪ್ರತಿ ಚಿತ್ರವನ್ನೂ ಮೊದಲಿನಿಂದ ಕೊನೆಯವರೆಗೆ ಇದೇ ಪರದೆಯ ಮೇಲೆ ನೋಡಿ, ಫೈಲು ಕೆಟ್ಟಿಲ್ಲ ಎಂದು ಹೇಳುವುದು ಇವರ ಕೆಲಸ. ಈ ವರ್ಷ ನೂರಾ ಹನ್ನೆರಡು ಚಿತ್ರ, ಹನ್ನೊಂದು ದಿನ. ಮುಂದಕ್ಕೆ ಓಡಿಸಿ ನೋಡುವುದಿಲ್ಲ, ನಡುವೆ ಏಳುವುದಿಲ್ಲ. ಹಾಗಾಗಿ ಎಲ್ಲರ ಬಾಯಲ್ಲೂ 'ಪೂರ್ತಿ ಅಕ್ಕ'. "ಸಿನಿಮಾ ನೋಡೋದಕ್ಕೂ ಸಂಬಳ ಕೊಡ್ತಾರಾ? ಹಾಗಾದ್ರೆ ನನಗೂ ಒಂದು ಕೆಲಸ ಹೇಳು" ಎಂದು ಅತ್ತೆ ಇಂದಿಗೂ ಛೇಡಿಸುತ್ತಾರಂತೆ.

ಮೊದಲು ಅಕ್ಕ ಬಟ್ಟೆ ಕಾರ್ಖಾನೆಯಲ್ಲಿದ್ದರು. ಹದಿನಾರು ವರ್ಷ ಅಂಗಿಗಳಲ್ಲಿ ತಪ್ಪಿದ ಹೊಲಿಗೆ ಹುಡುಕಿದ ಕಣ್ಣು. ಕಾರ್ಖಾನೆ ಮುಚ್ಚಿತು, ಮಗಳು ಆಗ ಐದನೇ ತರಗತಿ. ಕಸ ಗುಡಿಸುವ ಕೆಲಸಕ್ಕೆ ಇಲ್ಲಿಗೆ ಬಂದರು. ಒಂದು ದಿನ ಪರಕೆ ಹಿಡಿದೇ ಪರದೆ ನೋಡಿ, "ತುಟಿ ಮುಂದೆ ಹೋಗ್ತಿದೆ, ಮಾತು ಹಿಂದೆ ಬರ್ತಿದೆ" ಎಂದರು. ಅಲ್ಲಿದ್ದ ನಾಲ್ವರು ಓದಿದವರಲ್ಲಿ ಯಾರಿಗೂ ಅದು ಕಂಡಿರಲಿಲ್ಲ. ಮರುವರ್ಷ ಪರಕೆ ಹೋಗಿ ನೋಟ್‌ಬುಕ್ ಬಂತು. ಅದಕ್ಕೀಗ ಒಂಬತ್ತು ವರ್ಷ.

ಪ್ರೊಜೆಕ್ಟರ್ ನಡೆಸುವವರು ತಮ್ಮ ಕೋಣೆಯ ಕಿಟಕಿಯಿಂದ ಬೋಳುತಲೆ ಹೊರಚಾಚುತ್ತಾರೆ. "ಅಕ್ಕಾ, ಹತ್ತಕ್ಕೆ ಇದೇ ಮೊದಲ ಚಿತ್ರ. ಆ ನೀರಿನ ಸದ್ದನ್ನೇ ಎಳೆದು ತೇಪೆ ಹಾಕಿಬಿಡ್ಲಾ? ಯಾರಿಗೂ ಗೊತ್ತಾಗಲ್ಲ."

"ತೇಪೆ ಹಾಕಿಸಿ ಒಂದ್ಸಲ ಕೈ ಸುಟ್ಕೊಂಡಿದೀನಿ ಕಣೋ. ಸುಮ್ನಿರು."

ಅದು ಮೂರನೇ ವರ್ಷದ ಮಾತು. ಒಂದು ಚಿತ್ರದ ನಡುವೆ ಹದಿನಾಲ್ಕು ಸೆಕೆಂಡು ಬರೀ ಕತ್ತಲೆ. ಅಕ್ಕ ಕೆಟ್ಟಿದೆ ಎಂದು ಬರೆದರು, ಪ್ರೊಜೆಕ್ಟರ್‌ನವರು ಅಷ್ಟನ್ನು ಕತ್ತರಿಸಿ ಆಚೀಚೆ ಸೇರಿಸಿದರು. ಪ್ರದರ್ಶನ ಮುಗಿದಾಗ ಚಿತ್ರ ಮಾಡಿದ ಹುಡುಗಿ ಕಣ್ಣೀರು ಹಾಕುತ್ತ ಬಂದಳು. "ಅಪ್ಪ ಬಾಗಿಲು ಹಾಕ್ಕೊಂಡು ಹೋದ ಮೇಲೆ ನಮ್ಮನೇಲಿ ಇದ್ದಿದ್ದು ಆ ಕತ್ತಲೆ ಒಂದೇ. ಅದನ್ನೇ ತೆಗೆದುಬಿಟ್ರಲ್ಲಾ!"

"ಅಂಗೀಲಿ ತಪ್ಪಿದ ಹೊಲಿಗೆ ತಪ್ಪೇ. ಇಲ್ಲಿ ಹಾಗಲ್ಲ, ಕೇಳಬೇಕು" ಎನ್ನುತ್ತಾರೆ ಅಕ್ಕ. ಅಂದಿನಿಂದ ಪ್ರತಿ ಅನುಮಾನಕ್ಕೂ ಚಿತ್ರ ಮಾಡಿದವರಿಗೇ ಫೋನು. ಕೇಳದೆ ಮುಟ್ಟುವಂತಿಲ್ಲ.

ಆದರೆ ಇಂದು, ಪಾತ್ರೆ ತೊಳೆಯುವ ಆ ತಾಯಿಯ ಚಿತ್ರ ಮಾಡಿದ ಮಗ ಫೋನ್ ಎತ್ತುತ್ತಿಲ್ಲ. ಆರಕ್ಕೆ, ಏಳಕ್ಕೆ, ಎಂಟಕ್ಕೆ. ಅನುಮಾನ ತೀರದ ಚಿತ್ರವನ್ನು ಪಟ್ಟಿಯಿಂದ ಬಿಡುವುದು ಸಂಸ್ಥೆಯ ನಿಯಮ. ಕಾರ್ಯದರ್ಶಿ ಬಂದು ಗಡಿಯಾರ ನೋಡುತ್ತಾರೆ. "ಒಂಬತ್ತೂವರೆ ತನಕ, ಅಕ್ಕಾ. ಆಮೇಲೆ ನನ್ನ ಕೈಲಿಲ್ಲ." ಅಕ್ಕ ತಂದ ಚಹಾ ಕೆನೆ ಕಟ್ಟಿದೆ.

ಒಂಬತ್ತು ಇಪ್ಪತ್ತಕ್ಕೆ ಆ ಕಡೆಯಿಂದಲೇ ಕರೆ. ಬಸ್ಸಿನ ಗದ್ದಲದಲ್ಲಿ ಮಗನ ದನಿ. "ಮೌನಾನಾ? ನಾನೆಲ್ಲಿ ಇಟ್ಟಿದೀನಿ ಅಕ್ಕಾ? ಅಲ್ಲಿ ಅಮ್ಮ ಮಾತಾಡ್ತಾರಲ್ಲ! ಅಯ್ಯೋ, ಫೈಲ್ ಮಾಡುವಾಗ ಅಲ್ಲಿನ ಸದ್ದೆಲ್ಲ ಬಿಟ್ಟುಹೋಗಿದೆ."

"ಕಳಿಸೋ ಮುಂಚೆ ನೀನು ನೋಡ್ಲಿಲ್ವೇನಪ್ಪಾ?"

"ನೂರು ಸಲ ನೋಡಿದೀನಿ. ಅಮ್ಮನ ಮಾತು ಕಿವೀಲೇ ಕೂತಿತ್ತು, ಇಲ್ಲ ಅಂತ ಗೊತ್ತೇ ಆಗ್ಲಿಲ್ಲ."

"ಹೆತ್ತೋರಿಗೆ ಹೆಗ್ಗಣ ಮುದ್ದು" ಎಂದು ಅಕ್ಕ ನಗುತ್ತಾರೆ, ಬೆಳಗಿನಿಂದ ಮೊದಲ ಸಲ.

ಒಳ್ಳೆಯ ಪ್ರತಿ ಅವನ ಜೇಬಿನ ಪೆನ್‌ಡ್ರೈವ್‌ನಲ್ಲಿದೆ. ಒಂಬತ್ತು ಮುಕ್ಕಾಲಿಗೆ ಅಮ್ಮನ ಕೈಹಿಡಿದುಕೊಂಡೇ ಓಡಿ ಬರುತ್ತಾನೆ. ಚಿತ್ರ ಒಂಬತ್ತು ನಿಮಿಷದ್ದು. "ಆ ಜಾಗ ಒಂದು ನೋಡಿದ್ರೆ ಸಾಕಲ್ವಾ?" ಎನ್ನುತ್ತಾರೆ ಕಾರ್ಯದರ್ಶಿ. "ಪೂರ್ತಿ" ಎನ್ನುತ್ತಾರೆ ಅಕ್ಕ. ಜನ ಹೊರಗೆ ಸಾಲು ನಿಂತಿದ್ದಾರೆ. ಖಾಲಿ ಸಭಾಂಗಣದ ಮೂರನೇ ಸಾಲಿನಲ್ಲಿ ಈಗ ಇಬ್ಬರು, ಅಕ್ಕ ಮತ್ತು ಆ ತಾಯಿ.

ಪರದೆಯಲ್ಲಿ ಅದೇ ಬೆನ್ನು, ಅದೇ ನೀರು. ಮೌನವಿದ್ದ ಜಾಗ ಬರುತ್ತದೆ. ತಾಯಿಯ ದನಿ, ನಗುತ್ತಾ: "ಸಾಕು ಬಿಡೋ, ನಾನು ಪಾತ್ರೆ ತೊಳೆಯೋದನ್ನ ಯಾರು ಕೂತು ನೋಡ್ತಾರೆ?"

ಪಕ್ಕದ ಕುರ್ಚಿಯಲ್ಲಿ ಆ ತಾಯಿ ನಾಚಿ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ. ಅಕ್ಕ ಪರದೆಯಿಂದ ಕಣ್ಣು ಕೀಳದೆ ಹೇಳುತ್ತಾರೆ:

"ನಾನು ನೋಡ್ತಿದೀನಲ್ಲಮ್ಮಾ. ಇದು ಎರಡನೇ ಸಲ."