ನಾನಿಲ್ಲದಾಗಲೂ ನಡೆಯುವ ಲಿನಕ್ಸ್

ಆ ವರ್ಷ ಎರಡು ಸುದ್ದಿಗಳು ಒಂದೇ ವಾರದಲ್ಲಿ ಬಂದವು. ಒಂದು, ನಮ್ಮ ಲ್ಯಾಬಿನ ಸರ್ವರಿನಲ್ಲಿದ್ದ ಲಿನಕ್ಸ್‌ಗೆ ಇನ್ನು ಅಪ್‌ಡೇಟುಗಳು ಬರುವುದಿಲ್ಲ ಎಂಬುದು. ಇನ್ನೊಂದು, ನಾನು ಬಸುರಿ ಎಂಬುದು. ಮೊದಲನೆಯದನ್ನು ನಾನು ಊಹಿಸಿಕೊಂಡೇ ಇದ್ದೆ. ಎರಡನೆಯದರ ಆಸೆ ಬಿಟ್ಟಾಗಿತ್ತು.

ಕುಮಟೆ, ಹೊನ್ನಾವರ, ಭಟ್ಕಳ ಮೂರೂ ಕಡೆ ಶಾಖೆಯಿರುವ ಒಂದು ರಕ್ತಪರೀಕ್ಷೆಯ ಲ್ಯಾಬಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಸರ್ವರ್ ಇರುವುದು ಕುಮಟೆಯಲ್ಲಿ, ಲ್ಯಾಬಿನ ಒಡತಿ ಡಾಕ್ಟರ ಕೋಣೆಯ ಹಿಂದೆ, ಮೊದಲು ಔಷಧಿ ಇಡುತ್ತಿದ್ದ ಸಣ್ಣ ಕೋಣೆಯಲ್ಲಿ. ಭಟ್ಕಳದಲ್ಲಿ ಯಾರದೋ ತೋಳಿನಿಂದ ತೆಗೆದ ರಕ್ತದ ವರದಿ ಕುಮಟೆಗೆ ಬಂದು, ಡಾಕ್ಟರ ಸಹಿಯಾಗಿ, ಮತ್ತೆ ಭಟ್ಕಳದಲ್ಲಿ ಅಚ್ಚಾಗಿ ಹೊರಬರಬೇಕು. ಅಷ್ಟೂ ಹೊತ್ತು ಆ ಸರ್ವರ್ ಎಚ್ಚರವಾಗಿರಬೇಕು. ಅದನ್ನು ಎಚ್ಚರವಾಗಿಡುವ ಆಪರೇಟಿಂಗ್ ಸಿಸ್ಟಮ್ಮೇ ಲಿನಕ್ಸ್. ನಮ್ಮದು ಬಹಳ ವರ್ಷಗಳಿಂದ ಬಿಟ್ಟಿಯಾಗಿ ಸಿಗುತ್ತಿದ್ದ ಒಂದು ಬಗೆಯ ಲಿನಕ್ಸ್. ಅದನ್ನು ಕಟ್ಟುತ್ತಿದ್ದವರು ದಾರಿ ಬದಲಿಸಿದರು. ಅಪ್‌ಡೇಟ್ ನಿಂತರೆ ಯಂತ್ರ ಅಂದೇ ನಿಲ್ಲುವುದಿಲ್ಲ, ಆದರೆ ಹೊರಗಿನ ಕಳ್ಳರಿಗೆ ದಿನದಿಂದ ದಿನಕ್ಕೆ ಅದರೊಳಗೆ ನುಗ್ಗುವುದು ಸುಲಭವಾಗುತ್ತ ಹೋಗುತ್ತದೆ. ಇನ್ನೊಬ್ಬರ ಕಾಯಿಲೆಯ ವಿಷಯ ತುಂಬಿದ ಯಂತ್ರವನ್ನು ಹಾಗೆ ಬಿಡುವಂತಿರಲಿಲ್ಲ.

ನಾನು ರಕ್ತ ಕೊಟ್ಟದ್ದು ಭಟ್ಕಳದಲ್ಲಿ. ನಮ್ಮ ಮನೆಯಿರುವುದು ಹೊನ್ನಾವರದಲ್ಲೇ, ಅಲ್ಲಿಯ ಶಾಖೆಗೆ ನಡೆದೇ ಹೋಗಬಹುದು. ಆದರೆ ಹಿಂದೆ ಎರಡು ಸಲ ನನ್ನ ಬಸಿರು ನಿಂತದ್ದೂ ಹೋದದ್ದೂ ಅಲ್ಲಿ ಎಲ್ಲರಿಗೂ ಗೊತ್ತು. ಮೂರನೆಯ ಸಲ ಆ ಮುಖಗಳ ಎದುರು ತೋಳು ಚಾಚಲು ನನಗೆ ಧೈರ್ಯ ಸಾಲಲಿಲ್ಲ. ಭಟ್ಕಳದ ಪ್ರಿಂಟರ್ ಕೆಟ್ಟಿದ್ದೇ ನೆವವಾಯಿತು. ಅಲ್ಲಿಯ ಹಿರಿಯ ಟೆಕ್ನೀಶಿಯನ್ ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ದೊಡ್ಡವರು. ಮನೆಯಲ್ಲಿ ಭಟ್ಕಳದ ಮುಸ್ಲಿಮರ ನವಾಯತಿ ಮಾತು, ಗಿರಾಕಿಗಳ ಜೊತೆ ಕನ್ನಡ, ಉರ್ದು, ಕೊಂಕಣಿ, ಯಾರಿಗೆ ಯಾವುದು ಬೇಕೋ ಅದು. ನಾನು ಅವರನ್ನು ಆಪಾ, ಅಂದರೆ ಅಕ್ಕ, ಎಂದೇ ಕರೆಯುವುದು. ಆಪಾ ಸೂಜಿ ಚುಚ್ಚಿ, ಹತ್ತಿ ಒತ್ತಿ, ಒಂದು ಮಾತೂ ಕೇಳದೆ ಟ್ಯೂಬಿನ ಮೇಲೆ ಚೀಟಿ ಅಂಟಿಸಿದರು.

ವರದಿ ಸರ್ವರಿಗೆ ಬಂದಾಗ ನಾನು ಬಸ್ಸಿನಲ್ಲಿದ್ದೆ. ಫೋನಿನಿಂದಲೇ ಒಳಹೊಕ್ಕು ನೋಡುವ ಅಧಿಕಾರ ನನಗಿತ್ತು. ಸರ್ವರಿನ ಎಲ್ಲ ಬಾಗಿಲುಗಳ ಕೀಲಿಯೂ ನನ್ನ ಹತ್ತಿರವೇ. ನೋಡಲಿಲ್ಲ. ಅಮ್ಮನ ಊರಾದ ಮಂಕಿ ದಾಟುವಾಗ ಆಪಾ ಫೋನು ಮಾಡಿದರು.

"ತಂಗಿ, ಕೂತ್ಕೊಂಡಿದ್ದೀಯಾ?"

"ಬಸ್ಸಲ್ಲಿದ್ದೇನೆ ಆಪಾ. ಸೀಟು ಸಿಕ್ಕಿದೆ."

"ಹಾಗಾದ್ರೆ ಆತು. ಗಟ್ಟಿ ಹಿಡ್ಕೊಂಡು ಕೂತ್ಕೊ. ಇನ್ನು ಮೇಲೆ ಓಡಾಟ ಕಡಿಮೆ ಮಾಡು. ಯಾರಿಗೂ ಹೇಳೂದಿಲ್ಲ ನಾನು."

ಕಿಟಕಿಯ ಕಡೆ ಮುಖ ಮಾಡಿ ಕೂತೆ. ಪಕ್ಕದ ಹೆಂಗಸು ಮೀನಿನ ಬುಟ್ಟಿಯನ್ನು ಕಾಲಿನಿಂದ ಆಚೆ ಸರಿಸಿ, "ಎಂತ, ವಾಕರಿಕೆ ಬತ್ತದಾ?" ಎಂದು ಕೇಳಿದಳು. ಇಲ್ಲವೆಂದು ತಲೆಯಾಡಿಸಿದೆ.

ಮನೆಯಲ್ಲಿ ಗಂಡನಿಗೆ ಮಾತ್ರ ಹೇಳಿದೆ. ಅವರು ಹಿರೇಗುತ್ತಿಯ ಹತ್ತಿರ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾರೆ. ಕೇಳಿ ಎದ್ದು ಹೋಗಿ, ಸ್ಟೂಲಿನ ಮೇಲಿದ್ದ ನೀರಿನ ಕೊಡವನ್ನು ನಾನು ಎತ್ತಿ ಇಳಿಸಬಾರದೆಂದು ತಾವೇ ಕೆಳಗಿಳಿಸಿ ಬಂದರು. ಆ ಮೇಲೆ ಇಬ್ಬರೂ ಆ ವಿಷಯ ಮಾತಾಡಲಿಲ್ಲ. ಮಾತಾಡಲು ಹೆದರಿಕೆ.

ಹಾಗಾಗಿ ಲಿನಕ್ಸ್ ಬಗ್ಗೆ ಯೋಚಿಸುವುದೇ ಆ ದಿನಗಳಲ್ಲಿ ನನಗೆ ಸಮಾಧಾನದ ಕೆಲಸವಾಗಿತ್ತು. ನನ್ನ ಎದುರು ಮೂರು ದಾರಿಗಳಿದ್ದವು. ಒಂದು ದೊಡ್ಡ ಕಂಪನಿ ವರ್ಷವರ್ಷ ಚಂದಾ ತೆಗೆದುಕೊಂಡು ಕೊಡುವ ಲಿನಕ್ಸ್. ತೊಂದರೆಯಾದರೆ ಫೋನೆತ್ತುವವರಿರುತ್ತಾರೆ. ಇನ್ನೊಂದು ಅದೇ ಅಚ್ಚಿನದ್ದು, ಬೇರೆ ಬೇರೆ ದೇಶದ ಆಸಕ್ತರು ಸೇರಿ ಕಟ್ಟಿ ಬಿಟ್ಟಿಯಾಗಿ ಹಂಚುವುದು. ಆಜ್ಞೆಗಳೂ ಒಂದೇ, ಒಳಗಿನ ರಚನೆಯೂ ಒಂದೇ, ಕೇಳಿದರೆ ಉತ್ತರ ಹೇಳುವ ಕರ್ತವ್ಯ ಮಾತ್ರ ಯಾರಿಗೂ ಇಲ್ಲ. ಮೂರನೆಯದು ಬೇರೆಯೇ ವಂಶದ ಲಿನಕ್ಸ್. ಅದೂ ಗಟ್ಟಿಯೇ, ಅದೂ ಬಿಟ್ಟಿಯೇ. ಆದರೆ ನಮ್ಮ ಲ್ಯಾಬಿನ ತಂತ್ರಾಂಶ ಮಾಡಿಕೊಟ್ಟವರನ್ನು ಕೇಳಿದಾಗ, "ಅದರ ಮೇಲೆ ನಾವು ಓಡಿಸಿ ನೋಡಿಲ್ಲ. ನಡೆದ್ರೆ ನಿಮ್ಮ ಪುಣ್ಯ" ಎಂದರು. ಅಲ್ಲಿಗೆ ಆ ದಾರಿ ಮುಚ್ಚಿತು.

ಉಳಿದ ಎರಡರಲ್ಲಿ ನನ್ನ ಮನಸ್ಸು ಬಿಟ್ಟಿಯದರ ಕಡೆಗೇ ಇತ್ತು. ಖರ್ಚು ಉಳಿಯುತ್ತದೆ ಎಂಬುದು ಡಾಕ್ಟರಿಗೆ ಹೇಳಲು ಇಟ್ಟುಕೊಂಡ ಕಾರಣ. ನಿಜವಾದ ಕಾರಣ ಬೇರೆ. ನನಗೆ ಈ ವಿದ್ಯೆಯನ್ನು ಯಾವ ಕಾಲೇಜೂ ಕಲಿಸಲಿಲ್ಲ. ಓದಿದ್ದು ಬಿ.ಕಾಂ. ಹೊನ್ನಾವರದ ಒಂದು ಸೈಬರ್ ಕೆಫೆಯಲ್ಲಿ ಲೆಕ್ಕ ನೋಡಿಕೊಳ್ಳುತ್ತಿದ್ದಾಗ, ಅಲ್ಲಿಯ ಯಂತ್ರಗಳು ಕೈಕೊಟ್ಟಾಗಲೆಲ್ಲ ಅಂತರಜಾಲದ ಚರ್ಚಾಕಟ್ಟೆಗಳಲ್ಲಿ ತಪ್ಪುತಪ್ಪು ಇಂಗ್ಲಿಷಿನಲ್ಲಿ ಪ್ರಶ್ನೆ ಹಾಕುತ್ತಿದ್ದೆ. ನನ್ನ ಊರು ಎಲ್ಲಿದೆಯೆಂದೂ ತಿಳಿಯದ ಜನ ಸಾವಧಾನವಾಗಿ ಉತ್ತರ ಬರೆಯುತ್ತಿದ್ದರು. ನನ್ನ ಅನ್ನ ಅವರು ಹಾಕಿದ್ದು. ಅವರ ಲಿನಕ್ಸ್ ಬಿಟ್ಟು ಚಂದಾದ ಲಿನಕ್ಸ್ ಹಿಡಿಯುವುದೆಂದರೆ ಮನಸ್ಸಿಗೆ ಏನೋ ಕಸಿವಿಸಿ.

ಎರಡರ ವಿವರಗಳಲ್ಲೂ ಒಂದು ಸಾಲಿತ್ತು: ಬಿಡುಗಡೆಯಾದ ದಿನದಿಂದ ಹತ್ತು ವರ್ಷ ಅಪ್‌ಡೇಟ್ ದೊರೆಯುತ್ತದೆ. ಅದನ್ನು ಓದುವಾಗ ನನಗೆ ತಿಳಿಯದಂತೆಯೇ ಕೈ ಹೊಟ್ಟೆಯ ಮೇಲೆ ಹೋಯಿತು. ಇದರ ಆಯುಷ್ಯ ಮುಗಿಯುವಾಗ ಮಗು ಯಾವ ತರಗತಿಯಲ್ಲಿರುತ್ತದೆ ಎಂದು ಲೆಕ್ಕ ಹಾಕಲು ಹೊರಟವಳು ನಡುವೆಯೇ ನಿಲ್ಲಿಸಿದೆ. ಯಂತ್ರಕ್ಕಾದರೆ ಹತ್ತು ವರ್ಷದ ಮಾತು ಕೊಡುವವರಿದ್ದರು. ನನಗೆ ಮುಂದಿನ ತಿಂಗಳಿನ ಮಾತು ಕೊಡುವವರೂ ಇರಲಿಲ್ಲ.

ಡಾಕ್ಟರ ಎದುರು ಕೂತು ಎರಡನ್ನೂ ವಿವರಿಸಿದೆ. ಅವರದು ಮಾತು ಕಡಿಮೆ, ಕೇಳುವುದು ಹೆಚ್ಚು. ಎಲ್ಲ ಕೇಳಿದ ಮೇಲೆ ಕನ್ನಡಕ ತೆಗೆದು ಕೇಳಿದರು:

"ನಿಂಗೆ ಯಾವುದು ಚಲೋ ಕಾಣ್ತದೆ ಅನ್ನೋದು ತಿಳೀತು. ನೀನಿಲ್ದೇ ಹೋದಾಗ ಯಾವುದು ನಡೀತದೆ?"

ಅವರಿಗೆ ನನ್ನ ವಿಷಯ ಗೊತ್ತಿರಲಿಲ್ಲ. ಟ್ಯೂಬಿನ ಮೇಲೆ ಆಪಾ ನನ್ನ ಹೆಸರು ಬರೆಯದೆ ಬರೀ ನಂಬರು ಹಾಕಿದ್ದರಂತೆ. ವ್ಯವಹಾರ ನಡೆಸುವವರು ಯಾರಾದರೂ ಕೇಳುವ ಪ್ರಶ್ನೆ ಅದು. ಆದರೆ ನನಗೆ ಅದು ಬೇರೆಯೇ ಆಗಿ ಕೇಳಿಸಿತು. ಉತ್ತರ ಹೇಳಲು ಹೋಗಿ, "ಮೇಡಂ, ನಾನು..." ಎಂದಷ್ಟೇ ಹೇಳಿ ನಿಂತೆ.

ಅವರು ಎದ್ದು ಬಾಗಿಲು ಮುಂದೆ ಮಾಡಿದರು. ನನ್ನ ಹಿಂದಿನ ಎರಡೂ ಸಲದ ವರದಿಗಳಿಗೆ ಸಹಿ ಹಾಕಿದವರು ಅವರೇ. ಅಭಿನಂದನೆ ಹೇಳಲಿಲ್ಲ. "ಎಷ್ಟು ವಾರ?" ಎಂದು ಕೇಳಿ, ಹೇಳಿದ ಮೇಲೆ ಒಂದು ಲೋಟ ನೀರು ಮುಂದಿಟ್ಟರು.

"ಲಿನಕ್ಸ್ ಇರ್ಲಿ. ಹೊನ್ನಾವರದ ಹೆರಿಗೆ ಡಾಕ್ಟರ ಹತ್ರ ನಾಳೆಯೇ ಹೋಗು."

"ಸರ್ವರ್ ಹೀಗೇ ಬಿಡೂಕೆ ಆಗೂದಿಲ್ಲ ಮೇಡಂ."

"ಹಾಗಾದ್ರೆ ನೀನಿಲ್ದೇ ನಡೆಯೂ ಹಾಗೆ ಮಾಡಿಟ್ಟು ಹೋಗು. ಚಂದಾ ನಾನು ಕಟ್ತೇನೆ. ನಿನ್ನ ಜಾಗಕ್ಕೆ ಇನ್ನೊಬ್ಬರು ಬೇಕಲ್ಲ, ಅದು ಯಾರು?"

ನನ್ನ ಬಾಯಿಂದ ಯೋಚಿಸದೆ ಬಂದ ಹೆಸರು ಆಪಾದು.

ಕೊನೆಗೆ ನಿರ್ಧಾರವಾದದ್ದು ಹೀಗೆ. ಕುಮಟೆಯ ಸರ್ವರಿಗೆ ಚಂದಾದ ಲಿನಕ್ಸ್, ಅದರಲ್ಲೂ ಭಾನುವಾರವೂ ಫೋನೆತ್ತುವ ಬಗೆಯದ್ದು. ಹೊನ್ನಾವರ ಮತ್ತು ಭಟ್ಕಳದ ಕೌಂಟರುಗಳಲ್ಲಿರುವ ಕಂಪ್ಯೂಟರುಗಳಿಗೆ ಅದೇ ಅಚ್ಚಿನ ಬಿಟ್ಟಿ ಲಿನಕ್ಸ್. ಅಚ್ಚು ಒಂದೇ ಆದ್ದರಿಂದ ಭಟ್ಕಳದಲ್ಲಿ ಕಲಿತದ್ದು ಕುಮಟೆಯಲ್ಲೂ ನಡೆಯುತ್ತದೆ. ಅಲ್ಲಿ ತಪ್ಪು ಮಾಡಿದರೆ ಒಂದು ಕೌಂಟರು ಸ್ವಲ್ಪ ಹೊತ್ತು ನಿಂತೀತು, ಅಷ್ಟೇ. ಆಪಾಗೆ ಕಲಿಯಲು ಅದೇ ಸರಿಯಾದ ಜಾಗ.

ಆಪಾ ಮೊದಲು ಒಪ್ಪಲಿಲ್ಲ. "ನಂಗೆ ಎಂತಕ್ಕೆ ಈ ಉಸಾಬರಿ? ಸೂಜಿ ಹಿಡಿಯೂ ಕೈ ಇದು" ಎಂದರು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಓಡುವುದನ್ನು ಕಂಡರೆ ಅವರಿಗೆ ಏನೋ ಮುರಿದುಹೋದಂತೆ ಅನಿಸುತ್ತಿತ್ತು. ನಾನು ವಾರಕ್ಕೊಮ್ಮೆ ರೈಲಿನಲ್ಲಿ ಹೋಗಿ ಪಕ್ಕ ಕೂತೆ. ಒಂದು ಹಳೆಯ ಯಂತ್ರಕ್ಕೆ ಅವರ ಕೈಯಿಂದಲೇ ಲಿನಕ್ಸ್ ಹಾಕಿಸಿದೆ, ಅದನ್ನು ಅಳಿಸಿದೆ, ಮತ್ತೆ ಹಾಕಿಸಿದೆ. ಮೂರನೆಯ ಸಲಕ್ಕೆ ಅವರೇ ನನ್ನ ಕೈಯನ್ನು ಕೀಬೋರ್ಡಿನಿಂದ ಸರಿಸಿ, "ನೀ ಸುಮ್ಮನೆ ಕೂತ್ಕೊ" ಎಂದರು.

ಮಳೆಗಾಲ ಹಿಡಿಯುವ ಹೊತ್ತಿಗೆ ನನಗೆ ರಕ್ತ ಕಂಡಿತು. ಹೆರಿಗೆ ಡಾಕ್ಟರು ಪೂರ್ತಿ ವಿಶ್ರಾಂತಿ ಎಂದರು. ಗಂಡ ನನ್ನನ್ನು ಮಂಕಿಗೆ, ಅಮ್ಮನ ಮನೆಗೆ ಕರೆತಂದು ಬಿಟ್ಟರು. ಮಲಗಿದಲ್ಲೇ ಮಾಡಿನ ಹೆಂಚು ನೋಡುತ್ತ ದಿನ ಕಳೆಯಬೇಕು. ಲ್ಯಾಪ್‌ಟಾಪ್ ತೆರೆದರೆ ಅಮ್ಮನಿಗೆ ಸಿಟ್ಟು.

"ಮಲಗು ಅಂದ್ರೆ ಮತ್ತೆ ಅದ್ರ ಮುಂದೇ ಕೂತ್ಯಲ್ಲೇ! ಎಂತ ಇದ್ದು ಅದ್ರಲ್ಲಿ ಅಷ್ಟು?"

"ಊರಿನವರ ರಕ್ತದ ಲೆಕ್ಕ ಅಮ್ಮ."

"ನಿನ್ನ ರಕ್ತ ಮೊದ್ಲು ನೋಡ್ಕೊ."

ಕುಮಟೆಗೆ ಹೊಸ ಸರ್ವರ್ ಬಂದಾಗ ನಾನು ಹಾಸಿಗೆಯಲ್ಲೇ ಇದ್ದೆ. ಒಂದು ಭಾನುವಾರ ಮಧ್ಯಾಹ್ನ, ಲ್ಯಾಬ್ ಮುಚ್ಚಿದ ಮೇಲೆ ಬದಲಾವಣೆ ಮಾಡುವುದೆಂದಾಯಿತು. ಆಪಾ ಬೆಳಗಿನ ರೈಲಿಗೇ ಹೊರಟು ಕುಮಟೆಗೆ ಬಂದಿದ್ದರು. ಹಳೆಯ ಸರ್ವರನ್ನು ಮುಟ್ಟದೆ ಪಕ್ಕದಲ್ಲೇ ಹೊಸದನ್ನು ನಿಲ್ಲಿಸಿ, ಲಿನಕ್ಸ್ ಹಾಕಿ, ವರದಿಗಳನ್ನೆಲ್ಲ ಅದಕ್ಕೆ ಸಾಗಿಸಿ ನೋಡುವುದು. ಎಡವಟ್ಟಾದರೆ ಹಳೆಯದಕ್ಕೇ ಮರಳಬಹುದು. ನಾನು ಎಡಮಗ್ಗುಲಿಗೆ ಮಲಗಿ ಫೋನನ್ನು ದಿಂಬಿಗೆ ಒರಗಿಸಿ ಮಾತಾಡುತ್ತಿದ್ದೆ. ಹೊರಗೆ ಮಳೆ ಹೊಯ್ಯುತ್ತಿತ್ತು.

ಲಿನಕ್ಸ್ ಕೂತಿತು. ವರದಿಗಳೂ ಬಂದವು. ಪರೀಕ್ಷೆಗೆಂದು ಒಂದು ಹೊಸ ವರದಿ ಕಳಿಸಿದಾಗ ಮಾತ್ರ ಅದು ಒಳಗೆ ಬರಲಿಲ್ಲ. ಆಪಾ ಪರದೆಯ ಮೇಲಿನ ಸಾಲನ್ನು ಅಕ್ಷರ ಅಕ್ಷರ ಓದಿ ಹೇಳಿದರು. ಬರೆಯಲು ಅನುಮತಿ ಇಲ್ಲ ಎಂಬ ತಕರಾರು. ಆ ಬಗೆಯ ಲಿನಕ್ಸಿನೊಳಗೆ ಒಬ್ಬ ಕಾವಲುಗಾರ ಇರುತ್ತಾನೆ. ಗುರುತು ಸರಿಯಿಲ್ಲದ ಫೋಲ್ಡರಿಗೆ ಯಾವ ತಂತ್ರಾಂಶವೂ ಬರೆಯದಂತೆ ತಡೆಯುವುದು ಅವನ ಕೆಲಸ. ಅಂತರಜಾಲದಲ್ಲಿ ಕೇಳಿದರೆ ಅರ್ಧ ಜನ ಅವನನ್ನೇ ಆಫ್ ಮಾಡಿ ಅನ್ನುತ್ತಾರೆ. ಒಂದೇ ಆಜ್ಞೆ, ತಕರಾರು ಮುಗಿಯುತ್ತದೆ. ಬೆನ್ನು ನೋಯುತ್ತಿತ್ತು. ಹಾಗೇ ಹೇಳಿಬಿಡಲೇ ಎಂದುಕೊಳ್ಳುತ್ತಿರುವಾಗಲೇ ಕರೆಂಟು ಹೋಯಿತು, ಸ್ವಲ್ಪದರಲ್ಲಿ ಫೋನಿನ ಸಿಗ್ನಲ್ಲೂ ಹೋಯಿತು.

ಅಮ್ಮನ ಫೋನಿನಲ್ಲೂ ಇಲ್ಲ. ಪಕ್ಕದ ಮನೆಯವರದ್ದರಲ್ಲೂ ಇಲ್ಲ. ಏಳಲು ಹೋದೆ. ಅಮ್ಮ ಭುಜ ಒತ್ತಿ ಹಿಡಿದು, "ಎದ್ಯೋ, ನೋಡು!" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಮತ್ತೆ ಮಲಗಿದೆ. ಮಾಡಬಹುದಾದದ್ದು ಏನೂ ಉಳಿದಿರಲಿಲ್ಲ. ಅಮ್ಮ ಪಕ್ಕದಲ್ಲಿ ಕೂತು, ಗದ್ದೆ ನಾಟಿಯ ಹೊತ್ತಿಗೆ ಹಾಡುವ ಯಾವುದೋ ಹಾಡನ್ನು ಮೆಲ್ಲಗೆ ಗುನುಗುತ್ತ ನನ್ನ ಕಾಲು ಒತ್ತಿದಳು. ಎಷ್ಟೋ ವರ್ಷದ ಮೇಲೆ ಅವಳು ಹಾಡಿದ್ದು. ಕೇಳುತ್ತ ನಿದ್ದೆ ಬಂತು.

ಎಚ್ಚರವಾದಾಗ ಮಳೆ ಇಳಿದಿತ್ತು. ಸಿಗ್ನಲ್ ಬಂದಕೂಡಲೇ ಆಪಾಗೆ ಫೋನು ಮಾಡಿದೆ.

"ಎಂತ ಮಾಡಿದ್ರಿ ಆಪಾ?"

"ಆತು ತಂಗಿ. ಎಲ್ಲ ಆತು. ಡಾಕ್ಟರಮ್ಮ ಆ ಕಂಪನಿಯ ನಂಬರು ಹಚ್ಚಿಕೊಟ್ರು. ಮೊದ್ಲು ಇಂಗ್ಲಿಷು. ನಂಗೆ ಬಾಯಿ ಒಣಗ್ತು. ಆಮೇಲೆ ಆ ಮನುಷ್ಯ ಹಿಂದಿಯಲ್ಲಿ ಮಾತಾಡೂಕೆ ಶುರು ಮಾಡ್ದ. ಅಲ್ಲಿಂದ ಎಂತ ಕಷ್ಟ? ನಾನು ಉರ್ದುವಲ್ಲಿ ಹೇಳ್ತಾ ಹೋದೆ, ಅವ ಹಿಂದಿಯಲ್ಲಿ ಹೇಳ್ತಾ ಹೋದ."

"ಕಾವಲುಗಾರನ್ನ ಆಫ್ ಮಾಡಿಸಿದ್ನಾ?"

"ಇಲ್ಲ. ಅದನ್ನ ಮುಟ್ಬೇಡಿ ಅಂದ. ಫೋಲ್ಡರಿಗೆ ಸರಿ ಗುರುತು ಹಾಕಿಸ್ದ. ವರದಿ ಬಂತು. ಚಾ ಕುಡೀತಾ ಕೂತಿದ್ದೇವೆ ಈಗ. ನೀ ಎದ್ದು ಕೂತಿಲ್ಲ ಅಲ್ದಾ?"

ಇಲ್ಲವೆಂದೆ. ಫೋನಿಟ್ಟ ಮೇಲೆ ದೊಡ್ಡ ನಿಟ್ಟುಸಿರು ಬಂತು. ಅದರ ಹಿಂದೆಯೇ ಸಣ್ಣದೊಂದು ಬೇಸರವೂ. ನಾನು ನಿದ್ದೆಯಲ್ಲಿರುವಾಗ ನನ್ನ ಕೆಲಸ ನಡೆದುಹೋಗಿತ್ತು. ಅದಕ್ಕೇ ಅಲ್ಲವೇ ಇಷ್ಟೆಲ್ಲ ಮಾಡಿದ್ದು ಎಂದು ನನಗೆ ನಾನೇ ಹೇಳಿಕೊಂಡೆ. ಬೇಸರ ಪೂರ್ತಿ ಹೋಗಲಿಲ್ಲ, ಆದರೆ ಅಂದಿನಿಂದ ನಿಶ್ಚಿಂತೆಯಿಂದ ಮಲಗಲು ಕಲಿತೆ.

ಮಗಳು ತುಸು ಅವಸರದಲ್ಲೇ ಹುಟ್ಟಿದಳು. ಕೆಲವು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಅವಳ ಪುಟ್ಟ ಹಿಮ್ಮಡಿಯಿಂದ ತೆಗೆದ ರಕ್ತವೂ ಅದೇ ಸರ್ವರಿನ ಮೂಲಕವೇ ವರದಿಯಾಗಿ ಬರುತ್ತಿತ್ತು. ಕೌಂಟರಿನಲ್ಲಿ ಬೇರೆಯವರ ಹಾಗೆ ನನ್ನ ಗಂಡನೂ ಸರದಿಯಲ್ಲಿ ನಿಂತು ತರುತ್ತಿದ್ದರು. ಒಂದು ದಿನವೂ ತಡವಾಗಲಿಲ್ಲ. ಆ ದಿನಗಳಲ್ಲಿ ಚಂದಾದ್ದೋ ಬಿಟ್ಟಿಯದ್ದೋ ಎಂಬ ಯೋಚನೆ ನನಗೆ ಒಮ್ಮೆಯೂ ಬರಲಿಲ್ಲ. ಕಾಗದದ ಮೇಲೆ ನಿನ್ನೆಗಿಂತ ಇಂದು ಚಲೋ ಇದೆಯೇ ಎಂಬುದನ್ನಷ್ಟೇ ನೋಡುತ್ತಿದ್ದೆ. ಚಲೋ ಆಗುತ್ತ ಬಂತು.

ಅವಳು ಅಂಬೆಗಾಲಿಡುವ ಹೊತ್ತಿಗೆ ನಾನು ಕೆಲಸಕ್ಕೆ ಮರಳಿದೆ. ಕುಮಟೆಯ ಆ ಸಣ್ಣ ಕೋಣೆಯಲ್ಲಿ ಕೂತು ಸರ್ವರನ್ನು ತೆರೆದು ನೋಡಿದರೆ ಎಲ್ಲ ಬದಲಾಗಿತ್ತು. ಆಪಾ ಬ್ಯಾಕಪ್ಪುಗಳನ್ನು ತಮಗೆ ತಿಳಿಯುವಂತೆ ಬೇರೆ ರೀತಿ ಜೋಡಿಸಿದ್ದರು. ಅಪ್‌ಡೇಟಿನ ದಿನವನ್ನು ಶುಕ್ರವಾರದಿಂದ ತೆಗೆದು ಭಾನುವಾರಕ್ಕೆ ಹಾಕಿದ್ದರು. ಫೋಲ್ಡರುಗಳಿಗೆ ನಾನಿಟ್ಟಿದ್ದ ಉದ್ದುದ್ದ ಹೆಸರುಗಳ ಬದಲು ಚಿಕ್ಕ ಹೆಸರುಗಳು. ಕೈ ತಾನಾಗಿ ಹಳೆಯ ಹೆಸರು ಟೈಪು ಮಾಡಲು ಹೋಯಿತು. ಅಂಥದ್ದು ಇಲ್ಲ ಎಂದು ಸರ್ವರ್ ಉತ್ತರಿಸಿತು.

ಆಪಾಗೆ ಫೋನು ಮಾಡಿ, "ಇದೆಲ್ಲ ಎಲ್ಲಿದೆ ಹೇಳಿ" ಎಂದು ಕೇಳಿದೆ. ಅವರು ಒಂದೊಂದಾಗಿ ಹೇಳುತ್ತ ಹೋದರು. ನಾನು ಕಲಿಯುತ್ತ ಹೋದೆ.