ಒಣಮೀನಿನ ಕೋಣೆಯಲ್ಲಿ ಮಾವಿನ ಅಡೆ

ಶ್ರೀನಿವಾಸಪುರದಿಂದ ಕೋಲಾರಕ್ಕೆ ಹೋಗುವ ಬಸ್ಸಿನಲ್ಲಿ ಈ ಕಥೆಯನ್ನು ಎಷ್ಟು ಸಲ ಹೇಳಿದ್ದೇನೆಂದರೆ, ಈಗ ನೆನಪಿಗೆ ಬರುವುದು ಘಾನಾ ಅಲ್ಲ, ಬಸ್ಸು. ಹೇಳುತ್ತ ಹೇಳುತ್ತ ಮರ ಎತ್ತರವಾಗಿದೆ, ಬಾವಲಿಗಳು ದಪ್ಪವಾಗಿವೆ, ನಾನು ಸ್ವಲ್ಪ ಬುದ್ಧಿವಂತನಾಗಿದ್ದೇನೆ. ಬರೆಯುವಾಗಲಾದರೂ ಎಲ್ಲವನ್ನೂ ಮೊದಲಿನ ಅಳತೆಗೆ ಇಳಿಸಬೇಕು. ಒಂದು ಸುಳ್ಳನ್ನು ಮಾತ್ರ ಉಳಿಸಿಕೊಳ್ಳುತ್ತೇನೆ. ಅಲ್ಲಿನ ಹೆಡ್ ಮೇಡಂ ನನ್ನೊಡನೆ ಮಾತಾಡಿದ್ದು ಇಂಗ್ಲಿಷಿನಲ್ಲಿ. ಆದರೆ ನನ್ನ ತಲೆಯೊಳಗೆ ಅವರು ನಮ್ಮ ಕಡೆಯ ಕನ್ನಡವನ್ನೇ ಆಡುತ್ತಾರೆ. ತಿದ್ದಲು ನೋಡಿದೆ, ಆಗಲಿಲ್ಲ.

ನಾನು ಗಣಿತದ ಮೇಷ್ಟ್ರು. ಶ್ರೀನಿವಾಸಪುರದ ಶಾಲೆಗೆ ಒಂದು ವರ್ಷ ಸಂಬಳವಿಲ್ಲದ ರಜೆ ಹಾಕಿ, ಘಾನಾದ ಒಂದು ಹಳ್ಳಿಶಾಲೆಯಲ್ಲಿ ಸ್ವಯಂಸೇವಕನಾಗಿ ಪಾಠ ಹೇಳಲು ಹೋಗಿದ್ದೆ. ಯಾಕೆ ಹೋದೆ ಎಂದು ಕೇಳಿದವರಿಗೆಲ್ಲ ಬೇರೆ ಬೇರೆ ಕಾರಣ ಹೇಳಿದ್ದೇನೆ; ಎಲ್ಲವೂ ಚೆನ್ನಾಗಿವೆ. ಯಲ್ದೂರಿನಲ್ಲಿರುವ ನಮ್ಮಮ್ಮ ಮಾತ್ರ ಯಾವುದನ್ನೂ ಒಪ್ಪಲಿಲ್ಲ. "ಇಲ್ಲಿನ ಮಕ್ಕಳಿಗೆಲ್ಲ ಲೆಕ್ಕ ಬಂದ್ಬಿಡ್ತೇನೋ, ಅಷ್ಟು ದೂರ ಹೋಗಿ ಹೇಳ್ಕೊಡೋಕೆ?"

ಆ ಶಾಲೆಯ ಅಂಗಳದಲ್ಲಿ ಒಂದು ಮಾವಿನ ಮರವಿತ್ತು. ಕೊನೆಯ ತರಗತಿಯ ಮಕ್ಕಳು ಶಾಲೆ ಬಿಡುವ ದಿನ, ಹೆಡ್ ಮೇಡಂ ಒಬ್ಬೊಬ್ಬರನ್ನೇ ಕರೆದು ಆ ಮರದ ಒಂದೊಂದು ಹಣ್ಣು ಕೊಡುತ್ತಿದ್ದರು. ಅದನ್ನು ಅಲ್ಲಿ ತಿನ್ನುವಂತಿಲ್ಲ. ಮನೆಗೆ ಒಯ್ದು ತಾಯಿಯ ಕೈಗೆ ಇಡಬೇಕು. ಫಲಿತಾಂಶ ಬರುವುದು ಎಷ್ಟೋ ದಿನದ ಮೇಲೆ. ಅಷ್ಟರೊಳಗೆ ಊರಿಗೆಲ್ಲ ಹಣ್ಣೇ ಫಲಿತಾಂಶ. ಆದರೆ ಹಿಂದಿನ ವರ್ಷ ಬಾವಲಿಗಳು ಮೊದಲೇ ಬಂದು ಮರ ಬರಿದು ಮಾಡಿ, ಅರ್ಧ ಮಕ್ಕಳು ಬರಿಗೈಯಲ್ಲಿ ಹೋಗಿದ್ದರು. ಒಬ್ಬ ತಾಯಿ ಸಂತೆಯಲ್ಲಿ ಮೇಡಂರನ್ನು ತಡೆದು ಕೇಳಿದಳಂತೆ: "ನನ್ನ ಮಗಳು ಅಷ್ಟು ದಡ್ಡಿಯಾ?"

ಆ ಪ್ರಶ್ನೆ ಮೇಡಂಗೆ ಚುಚ್ಚಿತ್ತು. ಈ ವರ್ಷ ಒಬ್ಬರ ಕೈಯೂ ಖಾಲಿ ಹೋಗಬಾರದು ಎಂದು ಹಟ ಹಿಡಿದರು. ಹಿಡಿದು ನನ್ನ ಕಡೆ ನೋಡಿದರು.

"ಮೇಷ್ಟ್ರೇ, ನೀವು ಮಾವಿನ ಊರಿನೋರು. ಏನಾದ್ರೂ ಮಾಡಿ."

ಆ ಮಾತನ್ನು ಮೊದಲು ಆಡಿದವನು ನಾನೇ. ಬಂದ ಮೊದಲ ದಿನ ಮಕ್ಕಳೆದುರು ನಿಂತು, ನಮ್ಮೂರಿನಲ್ಲಿ ಎತ್ತ ತಿರುಗಿದರೂ ಮಾವಿನ ತೋಪು ಎಂದಿದ್ದೆ. ಅದು ನಿಜ. ಹೇಳದೆ ಉಳಿಸಿದ್ದೂ ನಿಜ. ನಮ್ಮ ಕಡೆ ಬಹಳ ಮನೆಗಳಲ್ಲಿ ತೋಪನ್ನು ಹೂ ಬಿಟ್ಟಾಗಲೇ ಗುತ್ತಿಗೆಗೆ ಕೊಟ್ಟುಬಿಡುತ್ತಾರೆ. ಆಮೇಲೆ ಔಷಧಿ ಹೊಡೆಯುವವನು, ಕಾವಲು ಮಲಗುವವನು, ಕಾಯಿ ಕೀಳುವವನು ಎಲ್ಲ ಗುತ್ತಿಗೆದಾರನ ಕಡೆಯವರು. ನಮ್ಮ ಮರದ ಕಾಯಿಗೆ ನಾನು ಕಲ್ಲು ಹೊಡೆದರೆ ನನ್ನನ್ನೇ ಅಟ್ಟಿಸಿಕೊಂಡು ಬರುತ್ತಿದ್ದರು. ಕೊನೆಗೆ ಗುತ್ತಿಗೆದಾರ ಒಂದು ಬುಟ್ಟಿ ಕಾಯಿ ತಂದು ಜಗುಲಿಯ ಮೇಲಿಟ್ಟು ಹೋಗುತ್ತಿದ್ದ. ಅದನ್ನು ಅಮ್ಮ ಮಂಚದ ಕೆಳಗೆ ಒಣಹುಲ್ಲಿನಲ್ಲಿ ಅಡೆ ಹಾಕಿ ಹಣ್ಣು ಮಾಡುತ್ತಿದ್ದಳು. ಮಾವಿನ ಬಗ್ಗೆ ನನಗಿದ್ದ ವಿದ್ಯೆಯೆಲ್ಲ ಆ ಮಂಚದ ಕೆಳಗಿನದು.

ಅದನ್ನೇ ಬಳಸಿದೆ. "ಬಾವಲಿ ಕಾಯಿಗೆ ಬರಲ್ಲ, ಹಣ್ಣಿಗೆ ಬರುತ್ತೆ. ಬಲಿತ ಕಾಯನ್ನೇ ಕಿತ್ತು ಒಳಗೆ ಅಡೆ ಹಾಕಿಬಿಡೋಣ," ಎಂದೆ. ಅಲ್ಲಿ ಮಾವು ಮರದಲ್ಲೇ ಹಣ್ಣಾಗಬೇಕು, ತಾನಾಗಿ ಬೀಳಬೇಕು. ಹಸಿರು ಕಾಯನ್ನು ದೋಟಿಯಿಂದ ಒಂದೊಂದಾಗಿ ಇಳಿಸುವುದನ್ನು ಮೇಡಂ ಕೈಕಟ್ಟಿಕೊಂಡು ನೋಡಿದರು.

"ಇದು ಹಣ್ಣಾಗ್ದೆ ಹೋದ್ರೆ?"

"ಆಗುತ್ತೆ ಮೇಡಂ."

"ಆಗ್ದೆ ಹೋದ್ರೆ ಸಂತೆಗೆ ನೀವೇ ಹೋಗಿ ಉತ್ತರ ಕೊಡ್ಬೇಕು."

ಬೀಗ ಹಾಕುವ ಕೋಣೆ ಒಂದೇ ಇತ್ತು, ಅಡುಗೆಮನೆಯ ಉಗ್ರಾಣ. ಅದರ ಗೋಡೆ ನೀಲಿ ಎಂದು ಬರೆಯಲು ಹೊರಟಿದ್ದೆ. ಬಸ್ಸಿನಲ್ಲಿ ಯಾವಾಗಲೂ ಹಸಿರು ಎನ್ನುತ್ತಿದ್ದೆ. ಗೋಡೆಯನ್ನು ಬಿಟ್ಟುಬಿಡೋಣ. ಮರೆಯಲಾಗದ್ದು ಅಲ್ಲಿದ್ದ ಮೀನು. ಹೊಗೆಯಲ್ಲಿ ಒಣಗಿಸಿದ ಮೀನು, ಬುಟ್ಟಿಬುಟ್ಟಿ. ಬಾಗಿಲು ತೆರೆದರೆ ಆ ವಾಸನೆ ಎದ್ದು ಬಂದು ಕೈ ಕುಲುಕುತ್ತಿತ್ತು. ಅದರ ಪಕ್ಕದಲ್ಲೇ ಮನೆಗೆ ಹೊದಿಸುವ ಒಣಹುಲ್ಲು ಹಾಸಿ, ಕಾಯಿ ಜೋಡಿಸಿ, ಮೇಲೆ ಹುಲ್ಲು, ಮತ್ತೆ ಕಾಯಿ, ಕೊನೆಗೆ ಗೋಣಿಚೀಲ ಮುಚ್ಚಿದೆ. ಅಮ್ಮನಿಗೆ ಫೋನ್ ಮಾಡಿದೆ.

"ತೊಟ್ಟು ಮುರೀದೆ ಕಿತ್ತಿದೀಯಾ?"

"ಹೂಂ."

"ಸರಿ. ಇನ್ನು ಮುಟ್ಬೇಡ. ದಿನಾ ತೆಗ್ದು ತೆಗ್ದು ನೋಡಿದ್ರೆ ಮುನಿಸ್ಕೊಳ್ಳುತ್ತೆ. ವಾಸ್ನೆ ತಾನಾಗೇ ಬಾಗಿಲಾಚೆ ಬರುತ್ತಲ್ಲ, ಆವಾಗ ತೆಗಿ. ಮೂಗು ಹೇಳೋವರ್ಗೂ ಕೈ ಹಾಕ್ಬೇಡ."

ನಮ್ಮ ಮನೆಯಲ್ಲಿ ಇದು ಕಟ್ಟಪ್ಪಣೆ. ಮಂಚದ ಕೆಳಗೆ ಬಗ್ಗಿ ನೋಡಿದ್ದಕ್ಕೆ ಏಟು ತಿಂದ ನೆನಪೂ ಇದೆ. ತಿಂದವನು ನಾನೋ ಅಣ್ಣನೋ ಎಂಬ ವಾದ ಇನ್ನೂ ಮುಗಿದಿಲ್ಲ.

ಅಂದಿನಿಂದ ದಿನವೂ ಬೆಳಿಗ್ಗೆ ಉಗ್ರಾಣದ ಬಾಗಿಲ ಹೊರಗೆ ನಿಂತು ಉಸಿರೆಳೆದುಕೊಳ್ಳುವುದು ನನ್ನ ಕೆಲಸವಾಯಿತು. ದಿನವೂ ಅಮ್ಮನ ಫೋನ್.

"ವಾಸ್ನೆ ಬಂತೇನೋ?"

"ಬಂತಮ್ಮ. ಮೀನಿಂದು."

"ಏಮಿರಾ ಇದಿ, ಏನೋ ಇದು! ಆ ದೇಶದಲ್ಲಿ ಮಾವಿನಕಾಯಿ ಮೀನಿನ ವಾಸ್ನೆ ಬರುತ್ತಾ?"

"ಮಾವಿನಕಾಯಿಂದಲ್ಲಮ್ಮ, ಪಕ್ಕದಲ್ಲಿ ಮೀನಿಟ್ಟಿದ್ದಾರೆ."

"ಹಂಗಾದ್ರೆ ಇನ್ನೂ ಆಗಿಲ್ಲ, ಬಿಡು. ಹಣ್ಣಾದ್ರೆ ಮೀನನ್ನೂ ದಾಟ್ಕೊಂಡು ಬರುತ್ತೆ."

ಅಮ್ಮನ ಮಾತಿನ ಮೇಲೆ ನನಗೆ ನಂಬಿಕೆ. ಅಮ್ಮನಿಗೆ ನನ್ನ ಮೂಗಿನ ಮೇಲೆ ನಂಬಿಕೆ. ಹುಡುಗರು ಹುಡುಗಿಯರು ಉಗ್ರಾಣದ ಮುಂದೆ ಸುಳಿದಾಡುವುದು ಹೆಚ್ಚಾಯಿತು. ಮೇಡಂ ನನ್ನನ್ನು ಕಂಡಾಗಲೆಲ್ಲ ಏನೋ ಕೇಳಲು ಬಾಯಿ ತೆರೆದು, ಮತ್ತೆ ಮುಚ್ಚುತ್ತಿದ್ದರು. ಅವರ ಮುಖದಲ್ಲಿದ್ದದ್ದು ಗೌರವ ಎಂದು ಆಗ ಅಂದುಕೊಂಡೆ. ಗೌರವವೇ ಆಗಿತ್ತು, ಅದೇ ತೊಂದರೆ.

ಶಾಲೆ ಬಿಡುವ ದಿನ ಬಂದೇಬಿಟ್ಟಿತು. ಮಕ್ಕಳು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಮರದ ಕೆಳಗೆ ಸಾಲಾಗಿ ನಿಂತಿದ್ದರು. ಮೂಗು ಇನ್ನೂ ಏನೂ ಹೇಳಿರಲಿಲ್ಲ. ಕಾಯಿಯನ್ನೇ ಕೊಟ್ಟು, ಅಡೆ ಹಾಕುವುದು ಹೇಗೆಂದು ಒಂದು ಭಾಷಣ ಮಾಡುವುದೆಂದು ತೀರ್ಮಾನಿಸಿ, ಮೇಡಂ ಜೊತೆ ಹೋಗಿ ಗೋಣಿಚೀಲ ಎತ್ತಿದೆ.

ಹಣ್ಣು ಆಗಿತ್ತು. ಆಗಿ, ಮುಗಿಯುವುದರಲ್ಲಿತ್ತು. ಬೆರಳು ಇಟ್ಟಲ್ಲಿ ಬೆರಳು ಒಳಗೆ ಹೋಯಿತು. ತಗಡಿನ ಸೂರಿನ ಕೋಣೆಯ ಕಾವು ಎಲ್ಲಿ, ನಮ್ಮಮ್ಮನ ಮಂಚದ ಕೆಳಗಿನ ತಂಪು ಎಲ್ಲಿ! ಒಂದೊಂದೂ ರಸ ತುಂಬಿದ ಚೀಲ. ಮನೆಗೆ ಒಯ್ಯುವುದಿರಲಿ, ಅಂಗಳ ದಾಟಿಸುವುದೂ ಅನುಮಾನ.

"ನನಗೆ ವಾಸನೆಯೇ ಬರಲಿಲ್ಲ ಮೇಡಂ," ಎಂದೆ.

ಅವರು ನನ್ನನ್ನೇ ನೋಡಿದರು. "ನಮಗೆಲ್ಲ ಬಂದು ಎಷ್ಟೋ ದಿನ ಆಯ್ತಲ್ಲ! ಮಕ್ಕಳು ಪಾಠ ಬಿಟ್ಟು ಇದನ್ನೇ ಮೂಸ್ಕೊಂಡು ಕೂತಿದ್ರು."

"ಒಂದು ಮಾತು ಹೇಳಬಾರದಿತ್ತೇ?"

"ನೀವು ದಿನಾ ಬಂದು ಅಷ್ಟು ಹೊತ್ತು ಮೂಸಿ ತಲೆ ಆಡಿಸ್ಕೊಂಡು ಹೋಗ್ತಿದ್ರಿ. ಮಾವಿನ ಊರಿನೋರು, ನಮಗೆ ಗೊತ್ತಿಲ್ಲದ ಇನ್ನೊಂದು ವಾಸನೆ ಇರ್ಬೇಕು, ಅದಕ್ಕೆ ಕಾಯ್ತಿದಾರೆ ಅಂದ್ಕೊಂಡ್ವಿ. ಆ ಮೀನು ನಿಮಗೆ ಅಡ್ಡ ಬರುತ್ತೆ ಅಂತ ನಮಗೇನು ಗೊತ್ತು? ಅದಕ್ಕೆಲ್ಲಿದೆ ವಾಸನೆ?"

ಹುಟ್ಟಿದಾಗಿನಿಂದ ಅವರ ಮೂಗಿಗೆ ಮೀನು ಗಾಳಿಯಷ್ಟೇ ಸಹಜ. ಅದರ ನಡುವೆ ಮಾವು ಗಂಟೆ ಬಾರಿಸಿದಂತೆ ಕೇಳಿಸಿತ್ತು. ನನ್ನ ಮೂಗಿಗೆ ಬರೀ ಮೀನು.

ಹೊರಗೆ ಮಕ್ಕಳು ಕಾಯುತ್ತಿದ್ದರು. ಮೇಡಂ ಒಂದು ಹಣ್ಣನ್ನು ಅಂಗೈಯಲ್ಲಿಟ್ಟುಕೊಂಡು ತೂಗಿ ನೋಡಿದರು. ಅವರು ಸಂತೆಯನ್ನು ನೆನೆಸಿಕೊಳ್ಳುತ್ತಿದ್ದಾರೆಂದು ನನಗೆ ಖಂಡಿತ ಅನಿಸಿತು. ಆಮೇಲೆ ಬೇಸಿನ್ನುಗಳಲ್ಲಿ ಮೆಲ್ಲಗೆ ತುಂಬಿಸಿ ಮರದ ಕೆಳಗೆ ತರಿಸಿದರು. ವಾಡಿಕೆಯಂತೆ ಒಬ್ಬೊಬ್ಬರನ್ನೇ ಕರೆದು ಹಣ್ಣು ಕೊಟ್ಟರು. ಎಲ್ಲರಿಗೂ ಸಿಕ್ಕಿತು. ಕೊನೆಯ ಹುಡುಗಿಗೆ ಕೊಟ್ಟ ಮೇಲೆ, ವಾಡಿಕೆ ಮುರಿದು ಒಂದೇ ಮಾತು ಹೇಳಿದರು: "ಇಲ್ಲೇ ತಿನ್ನಿ. ಬೇಗ!"

ಆಮೇಲೆ ಆದದ್ದಕ್ಕೆ ಊಟ ಎನ್ನಲಾಗದು. ರಸ ಮೊಣಕೈಗೆ ಇಳಿಯಿತು, ಅಲ್ಲಿಂದ ಅಂಗಿಗೆ. ಚೀಪಿದ ವಾಟೆಗಳನ್ನು ಮನೆಗೆ ಒಯ್ದು ನೆಟ್ಟರು ಎಂದು ಬರೆದರೆ ಎಷ್ಟು ಚೆನ್ನ! ನಾನು ಕಂಡದ್ದು ಒಬ್ಬರ ಮೇಲೊಬ್ಬರು ಎಸೆದಾಡಿದ್ದನ್ನು. ಒಂದು ನನ್ನ ಕನ್ನಡಕಕ್ಕೂ ಬಿತ್ತು. ಇದರಲ್ಲಿ ಮಾತ್ರ ಅನುಮಾನವಿಲ್ಲ, ಕನ್ನಡಕದ ಕಾಲು ಈಗಲೂ ಸೊಟ್ಟ. ಇಸ್ತ್ರಿಯ ಬಿಳಿ ಅಂಗಿಯೆಲ್ಲ ಹಳದಿಯಾಗಿ, ಮಕ್ಕಳು ಮಣ್ಣಿನ ರಸ್ತೆಯಲ್ಲಿ ಮನೆಯ ಕಡೆ ಕೇಕೆ ಹಾಕುತ್ತ ಹೋದರು.

"ಸಂತೆಗೆ ಯಾವಾಗ ಹೋಗಲಿ, ಮೇಡಂ?" ಎಂದೆ.

ಅವರು ಬೆರಳು ಚೀಪುತ್ತಿದ್ದರು. "ಬೇಡ. ಈ ಸಲ ಎಲ್ಲ ತಾಯಂದಿರಿಗೂ ತಲುಪುತ್ತೆ. ಅಂಗಿ ಒಗೆಯೋರು ಅವರೇ ಅಲ್ವಾ?"

ಆ ಸಂಜೆ ಅಮ್ಮನಿಗೆ ಎಲ್ಲ ಹೇಳಿದೆ. ಕುರುಡುಮಲೆ ಗಣಪನಿಗೆ ತಾನು ಹೇಳಿಕೊಂಡಿದ್ದರಿಂದಲೇ ಒಂದೂ ಕಡಿಮೆ ಬೀಳಲಿಲ್ಲ ಎಂದು ಅವಳ ವಾದ. ಈಗಲೂ ಬಂದವರಿಗೆ ಕಥೆಯನ್ನು ಅಲ್ಲಿಂದಲೇ ಶುರುಮಾಡುತ್ತಾಳೆ. ಅಂಗಿಗಳ ವಿಷಯ ಕೇಳಿದಾಗ ಮಾತ್ರ ಗಣಪನನ್ನು ಬಿಟ್ಟಳು.

"ಬಿಳೀ ಅಂಗೀನಾ?"

"ಹೂಂ."

"ಮಾವಿನ ಕಲೆ ಹೋಗಲ್ಲ ಕಣೋ," ಎಂದಳು. "ಆ ಹೆಂಗಸ್ರು ನಿನ್ನ ಮರೆಯೋದುಂಟಾ!"