ತಾಳ ತಪ್ಪಿದ ಸ್ವೆಟರ್

ಅಜ್ಜಂಪುರದಲ್ಲಿ ಸಂಗೀತ ಕಲಿಯುವ ಮಕ್ಕಳನ್ನು ಬೀದಿಯಲ್ಲೇ ಗುರುತು ಹಿಡಿಯಬಹುದು. ಅವರ ಸ್ವೆಟರಿನಲ್ಲಿ ತೂತುಗಳಿರುತ್ತವೆ. ಸಂಗೀತದ ತೀರ್ಥಮ್ಮನವರು ಚಳಿಗಾಲ ಬಂದ ಮೇಲೆ ಕೈಯಲ್ಲಿ ತಾಳ ಹಾಕುವುದಿಲ್ಲ. ಚಳಿಗೆ ಬೆರಳು ಮರಗಟ್ಟುತ್ತವೆಂದು ಉಲ್ಲನ್ ಹೆಣೆಯುತ್ತಲೇ ಪಾಠ ಹೇಳುತ್ತಾರೆ, ತಾಳದ ಒಂದು ಪೆಟ್ಟಿಗೆ ಒಂದು ಕುಣಿಕೆಯಂತೆ. ಹಾಡುವ ಮಗು ತಾಳ ತಪ್ಪಿದರೆ ಕಡ್ಡಿಯೂ ಒಂದು ಕುಣಿಕೆ ತಪ್ಪುತ್ತದೆ, ಅಲ್ಲೊಂದು ತೂತು ಉಳಿಯುತ್ತದೆ. ಬಿಚ್ಚಿ ಸರಿಮಾಡುವ ಪದ್ಧತಿ ಅವರಲ್ಲಿಲ್ಲ. ಶ್ರುತಿಪೆಟ್ಟಿಗೆಗೂ ಒಂದು ಉಲ್ಲನ್ ಗವಸು ಹೆಣೆದಿದ್ದಾರೆ. ಅದು ಎಂದೂ ತಪ್ಪದ್ದರಿಂದ ಅದಕ್ಕೆ ತೂತಿಲ್ಲ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೊರಡುವ ಮೊದಲು ಆಯಾ ಸ್ವೆಟರನ್ನು ಆಯಾ ಮಗುವಿಗೇ ತೊಡಿಸಿ ಕಳಿಸುತ್ತಾರೆ. "ಇದೇನಮ್ಮಾ, ಇಲಿ ಕಡಿದಂಗೈತೆ?" ಎಂದು ದಿನಸಿ ಅಂಗಡಿಯ ಷಣ್ಮುಖಪ್ಪ ಮಗಳ ಸ್ವೆಟರ್ ಹಿಡಿದು ಬಂದರೆ, "ಇಲಿಯಲ್ಲ ಕಣಪ್ಪ, ನಿನ್ ಮಗಳೇ. ಕೆಳಗಿಂದ ಮೇಲಕ್ಕೆ ನೋಡು, ಕತ್ತಿನ ಹತ್ರ ಬರೋಷ್ಟ್ರಲ್ಲಿ ತಾಳ ಕೂತೈತೆ" ಎನ್ನುತ್ತಾರೆ. ಷಣ್ಮುಖಪ್ಪ ಕೆಳಗಿಂದ ಮೇಲಕ್ಕೆ ನೋಡಿ, ಸಮಾಧಾನಪಟ್ಟು ಹೋಗುತ್ತಾನೆ. ತೀರ್ಥಮ್ಮನವರು ಮಾತ್ರ ತೊಡುವುದು ಬಣ್ಣ ಹೋದ ಒಂದು ಹಳೇ ಸ್ವೆಟರ್. ಮದುವೆಯಾದ ಹೊಸದರಲ್ಲಿ ತರೀಕೆರೆಗೆ ಪಾಠಕ್ಕೆ ಹೋಗುತ್ತಿದ್ದಾಗ ಅವರ ಗುರುವಮ್ಮ ಹೀಗೇ ಹೆಣೆದುಕೊಟ್ಟದ್ದಂತೆ. ಅದರಲ್ಲಿ ಉಲ್ಲನ್ನಿಗಿಂತ ತೂತೇ ಜಾಸ್ತಿ, ಕತ್ತಿನವರೆಗೂ ಕಮ್ಮಿಯಾಗಿಲ್ಲ. "ಇದರಲ್ಲಿ ಚಳಿ ತಡೆಯುತ್ತಾ?" ಎಂದು ನಾನೊಮ್ಮೆ ಕೇಳಿದೆ. ಅವರು ಕಡ್ಡಿ ನಿಲ್ಲಿಸದೆಯೇ ಅಂದರು: "ಇಷ್ಟು ತಪ್ಪಿದ್ರೂ ಆಯಮ್ಮ ಒಂದಿನಾನೂ ನಾಳೆ ಬರ್ಬೇಡ ಅನ್ಲಿಲ್ಲ ಕಣ್ರೀ. ಬೆಚ್ಚಗೇ ಐತೆ."